ಬೊಳ್ಳಾಜೆ ಜಾರಿನ ಐದನೆಯ ಗೆಲ್ಲು

ಬೆಳಗಿನ ಐದೂವರೆ. ಬೊಳ್ಳಾಜೆ ಗುಡ್ಡದ ನೆತ್ತಿಯಲ್ಲಿ ಪೋಕರ್ ಬ್ಯಾರಿ ಸೈಕಲಿನಿಂದ ಇಳಿದು, ಹ್ಯಾಂಡಲನ್ನು ಹೊಟ್ಟೆಗೆ ಆನಿಸಿಕೊಂಡು ನಿಲ್ಲುತ್ತಾರೆ. ಕ್ಯಾರಿಯರಿನ ಮೇಲೆ ಒಣಮೀನಿನ ಎರಡು ಗೋಣಿ. ಮುಂದೆ ರಸ್ತೆ ಕಡಬದ ಕಡೆಗೆ ಮುಕ್ಕಾಲು ಮೈಲು ಒಂದೇ ಸಮನೆ ಕೆಳಗಿಳಿಯುತ್ತದೆ, ನಡುವೆ ಎರಡು ತಿರುವು. ಅವರು ಬದಿಯಲ್ಲಿ ಒಟ್ಟಿದ ಮರದ ಕೊಂಬೆಗಳ ರಾಶಿಯಿಂದ ಒಂದು ಕವಲುಗೆಲ್ಲನ್ನು ಎಳೆದು, ಹುರಿಹಗ್ಗದಿಂದ ಕ್ಯಾರಿಯರಿಗೆ ಬಿಗಿಯುತ್ತಾರೆ. ಗೆಲ್ಲು ನೆಲ ಕಚ್ಚಿಕೊಂಡು ಹಿಂದಿನಿಂದ ಜಗ್ಗುತ್ತಿದ್ದರೆ ಸೈಕಲ್ ಹೇಳಿದ ಮಾತು ಕೇಳುತ್ತದೆ. ಪಕ್ಕದಲ್ಲೇ ರಸ್ತೆಯ ಕಚೇರಿಯವರು ನೆಟ್ಟ ಬೋರ್ಡು ನಿಂತಿದೆ: "ಈ ರಸ್ತೆಯಲ್ಲಿ ಮರ, ಗೆಲ್ಲು ಎಳೆಯಕೂಡದು. ತಪ್ಪಿದಲ್ಲಿ ವಾಹನ ಜಪ್ತಿ."

ಬಿಸ್ಮಿಲ್ಲಾ ಎಂದು ಪೋಕರ್ ಸೀಟು ಹತ್ತುತ್ತಾರೆ. ಜಲ್ಲಿಯ ಮೇಲೆ ಗೆಲ್ಲು ಕರಕರ ಉಜ್ಜುವ ಸದ್ದು ಎರಡನೆಯ ತಿರುವಿನವರೆಗೂ ಕೇಳಿಸುತ್ತದೆ. ಆ ಕಚೇರಿಯ ಓವರ್ಸಿಯರ ಮೇಸ್ತ್ರಿ ಕಂಡರೆ ಇವತ್ತೇ ಸೈಕಲ್ ಹೋಯಿತು. ಸೈಕಲ್ ಹೋದರೆ ಪೋಕರ್ ಬ್ಯಾರಿಯ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಗೆಲ್ಲು ಕಟ್ಟದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಲವತ್ತಾರು ವಯಸ್ಸಿನ ಪೋಕರ್ ಅವರ ಮನೆ ನರಿಮೊಗರಿನಲ್ಲಿ. ಐವತ್ತನೆಯ ಇಸವಿಯಿಂದ, ಅಂದರೆ ಹದಿನಾಲ್ಕು ವರ್ಷಗಳಿಂದ, ಅವರ ವಾರ ಹೀಗೆಯೇ ಸುತ್ತುತ್ತಿದೆ. ಶುಕ್ರವಾರದ ನಮಾಜು ಮುಗಿಸಿ ಉಳ್ಳಾಲಕ್ಕೆ ಇಳಿಯುತ್ತಾರೆ. ಅಲ್ಲಿಂದ ತೆಂಕಲಾಗಿ, ಗುಡ್ಡಗಳು ನೆಟ್ಟಗೆ ಕಡಲಿಗೆ ಇಳಿಯುವ ಮುರಕಲ್ಲಿನ ದಾರಿಯಲ್ಲಿ ಮಂಜೇಶ್ವರದವರೆಗೆ ಹೋಗಿ ಬಂಗುಡೆ, ಸಿಗಡಿ ಒಟ್ಟುಮಾಡುತ್ತಾರೆ. ಭಾನುವಾರ ಮನೆ. ಸೋಮವಾರದಿಂದ ಕಡಬ, ಇಚಿಲಂಪಾಡಿ, ಪಂಜ, ಸುಳ್ಯ. ವಾರಕ್ಕೆ ನೂರೈವತ್ತು ಮೈಲು. ಇಳಿದು ನೂಕಲೇಬೇಕಾದ ಏರುಗಳು ಮೂವತ್ತೊಂದು.

"ಸಪಾಟು ನೆಲ ಅಂತ ನಮ್ಮಲ್ಲಿ ಎಲ್ಲಿ ಉಂಟು ಮಾರಾಯ್ರೆ? ಒಂದಾ ಏರು, ಇಲ್ಲದಿದ್ದರೆ ಜಾರು" ಎಂದು ಅವರು ನಗುತ್ತಾರೆ. "ಏರಿನಲ್ಲಿ ಸೊಂಟ ಹೋಗ್ತದೆ, ಅಷ್ಟೇ. ಹೆದರುದು ಜಾರಿಗೆ. ಇಷ್ಟು ಭಾರಕ್ಕೆ ಬ್ರೇಕಿನ ರಬ್ಬರು ಎಂತ ಮಾಡ್ತದೆ? ಅರ್ಧ ದಾರಿಯಲ್ಲಿ ಕರಟಿದ ವಾಸನೆ ಬರ್ತದೆ, ಮತ್ತೆ ದೇವರೇ ಗತಿ."

ಗೆಲ್ಲು ಕಟ್ಟುವುದನ್ನು ಪೋಕರ್ ಕಂಡುಹಿಡಿದದ್ದಲ್ಲ. ಮೀನಿನವರು, ಬೆಲ್ಲದವರು, ಮಡಕೆಯವರು ಎಲ್ಲರೂ ಕಟ್ಟುತ್ತಿದ್ದರು. ಅದಕ್ಕೊಂದು ಬರೆಯದ ಕಟ್ಟಳೆಯೂ ಇತ್ತು. ಇಳಿದವನು ಗೆಲ್ಲನ್ನು ಬಿಸಾಡಬಾರದು, ಜಾರಿನ ಬುಡದಲ್ಲಿರುವ ಅತ್ತಿಮರದ ಕೆಳಗೆ ಇಡಬೇಕು. ಮೇಲೆ ಹೋಗುವ ಗಾಡಿಯವನು ಅದನ್ನು ಹೇರಿಕೊಂಡು ನೆತ್ತಿಯ ರಾಶಿಗೆ ಸೇರಿಸಬೇಕು. ಪಂಜದ ಗಾಡಿ ಕುಕ್ಕಪ್ಪ ಗೌಡರು ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದಾರೆ. "ನನಗೆ ಸೈಕಲೇ ಇಲ್ಲ" ಎನ್ನುತ್ತಾರೆ ಅವರು. "ಆದ್ರೆ ಜಾರಿನಲ್ಲಿ ಬಿದ್ದವನನ್ನು ಗಾಡಿಯಲ್ಲಿ ಹಾಕಿ ಕೊಂಡುಹೋಗುದಕ್ಕಿಂತ ಗೆಲ್ಲು ಹೇರುದು ಸುಲಭ ಅಲ್ವ?"

ಹಿಂದಿನ ವರ್ಷದ ಬೇಸಗೆಯಲ್ಲಿ ರಸ್ತೆಗೆ ಹೊಸ ಜಲ್ಲಿ ಬಿತ್ತು. ಗೆಲ್ಲು ಜಲ್ಲಿಯನ್ನು ಕೆರೆಯುತ್ತದೆ ಎಂದು ಓವರ್ಸಿಯರಿಗೆ ಕಂಡಿತು, ಬೋರ್ಡು ಎದ್ದಿತು. ಕೆರೆಯುವುದು ಸುಳ್ಳಲ್ಲ. ಆದರೆ ಮರದ ದಿಮ್ಮಿ ತುಂಬಿದ ಲಾರಿ ಅದೇ ಜಲ್ಲಿಯಲ್ಲಿ ಮೊಣಕಾಲುದ್ದ ಗುಂಡಿ ತೋಡಿದರೆ ಅದಕ್ಕೆ ಬೋರ್ಡಿಲ್ಲ. ಲಾರಿಯ ಧಣಿಗಳ ಚಾವಡಿಯಲ್ಲಿ ಕಾಫಿ ಸಿಗುತ್ತದೆ, ಮೀನಿನ ಬ್ಯಾರಿಯ ಬಳಿ ಬರೇ ಮೀನಿನ ವಾಸನೆ.

ಆ ಬೋರ್ಡನ್ನು ಪೋಕರ್ ಅವರಿಗೆ ಓದಿ ಹೇಳಿದವನು ಸಾಹುಲ್ ಹಮೀದ್. ಅವರ ಹೆಂಡತಿ ರುಖಿಯಮ್ಮನ ತಮ್ಮ, ಇಪ್ಪತ್ತಾರರ ಯುವಕ. ಐದನೇ ಕ್ಲಾಸು ಕಲಿತಿದ್ದ, ಇದೇ ದಾರಿಯಲ್ಲಿ ಮೀನು ಸಾಗಿಸುತ್ತಿದ್ದ. ಕಳೆದ ಜೂನಿನ ಮೊದಲ ಮಳೆಯ ಬೆಳಿಗ್ಗೆ ಅವನು ಮುಂದೆ, ಪೋಕರ್ ಅರ್ಧ ಮೈಲು ಹಿಂದೆ. ಸಾಹುಲ್ ರಾಶಿಯಿಂದ ಗೆಲ್ಲೊಂದನ್ನು ತೆಗೆದ, ಬೋರ್ಡು ನೋಡಿದ, ಗೆಲ್ಲನ್ನು ಬೋರ್ಡಿನ ಕಂಬಕ್ಕೆ ಒರಗಿಸಿಟ್ಟು ಹಾಗೆಯೇ ಇಳಿದ. ಎದುರಿನ ತೋಟದಿಂದ ನೋಡುತ್ತಿದ್ದವರು ಇದ್ದಾರೆ. ಎರಡನೆಯ ತಿರುವು ಅವನಿಗೆ ಸಿಗಲಿಲ್ಲ. ಕುಕ್ಕಪ್ಪ ಗೌಡರ ಗಾಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಓವರ್ಸಿಯರು ಬಂದು ನೋಡಿ ಬರೆದುಕೊಂಡದ್ದು ಒಂದೇ ಮಾತು: ಸವಾರನ ಅಜಾಗರೂಕತೆ. ಕಾನೂನು ಪಾಲಿಸಿ ಸತ್ತವನಿಗೆ ಕಾನೂನು ಕೊಟ್ಟ ಸರ್ಟಿಫಿಕೇಟು ಇದು!

ಕಂಬಕ್ಕೆ ಒರಗಿದ್ದ ಆ ಗೆಲ್ಲನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಮಳೆಗಾಲ ಕಳೆಯಿತು, ಸಿಪ್ಪೆ ಉದುರಿತು, ಗೆಲ್ಲು ಅಲ್ಲೇ ಇತ್ತು.

ಈ ಜನವರಿಯಲ್ಲಿ ಐದು ಮಂದಿ ಯುವಕರು ಕಾರವಾರದಿಂದ ಕಾಸರಗೋಡಿನವರೆಗೆ ಸೈಕಲ್ ಪ್ರವಾಸ ಹೊರಟದ್ದು ಓದುಗರಿಗೆ ನೆನಪಿರಬಹುದು. ಕಡಲ ದಾರಿ ಬಿಟ್ಟು ಸುಬ್ರಹ್ಮಣ್ಯ ನೋಡಿ ಬರೋಣವೆಂದು ಅವರು ಪುತ್ತೂರಿಗೆ ಬಂದರು. ಊರೂರಿನಲ್ಲಿ ಹಾರ, ಎಳನೀರು, ಭಾಷಣ. ಬೊಳ್ಳಾಜೆಯ ನೆತ್ತಿಯಲ್ಲಿ ಮಾತ್ರ ಜಾರನ್ನು ನೋಡಿ ಐವರ ಮುಖವೂ ಬಿಳಿಚಿತು. ಜತೆಗಿದ್ದವರು ಇದೇ ಓವರ್ಸಿಯರು, ಸರಕಾರಿ ಜೀಪಿನಲ್ಲಿ. ಅಷ್ಟು ಹೊತ್ತಿಗೆ ಪೋಕರ್ ಅಲ್ಲಿಗೆ ಮುಟ್ಟಿದರು.

"ನಮ್ಮ ಮಕ್ಕಳ ಪ್ರಾಯದವರು. ಬೀಳಲಿ ಅಂತ ನೋಡಿಕೊಂಡು ನಿಲ್ಲಲಿಕ್ಕೆ ಆಗ್ತದಾ?" ಎನ್ನುತ್ತಾರೆ ಪೋಕರ್. "ರಾಶಿಯಲ್ಲಿ ನಾಲ್ಕು ಗೆಲ್ಲು ಇತ್ತು. ಐದನೆಯದು ಬೇಕಲ್ಲ? ಸಾಹುಲನದ್ದನ್ನು ತೆಗೆದು ಕಟ್ಟಿದೆ. ಅವನಿಗೆ ಆಗದ್ದು ಇವರಿಗಾದರೂ ಆಗಲಿ ಅಂತ."

ಬೋರ್ಡಿನ ಎದುರೇ ಐದು ಗೆಲ್ಲು ಕಟ್ಟಿದರೂ ಓವರ್ಸಿಯರ ಬಾಯಿಂದ ಜಪ್ತಿಯ ಶಬ್ದ ಹೊರಡಲಿಲ್ಲ, ಚಪ್ಪಾಳೆ ಹೊರಟಿತು. ಯುವಕರು ಕೂದಲೂ ಕೊಂಕದೆ ಇಳಿದರು. ಮರುವಾರ ಅಲ್ಲಿ ತೆಗೆದ ಚಿತ್ರ ಅಚ್ಚಾಯಿತು, "ಸಾಹಸಿಗಳು ಕಂಡುಕೊಂಡ ಹೊಸ ಉಪಾಯ" ಎಂಬ ತಲೆಬರಹದೊಂದಿಗೆ. ಅಚ್ಚು ಹಾಕಿದ್ದು ಬೇರೆ ಯಾರೂ ಅಲ್ಲ, ಈ ಪತ್ರಿಕೆಯೇ. ನಾಚಿಕೆಯಾಗಬೇಕು ನಮಗೆ. ಚಿತ್ರದ ಅಂಚಿನಲ್ಲಿ ಹಗ್ಗ ಬಿಗಿಯುವ ಒಂದು ಕೈ ಇದೆ, ಮೈ ಇಲ್ಲ. ಮೀನು ಕಟ್ಟಿ ಬಂದ ಕಾಗದದಲ್ಲಿ ಅದನ್ನು ಕಂಡ ರುಖಿಯಮ್ಮನಿಗೆ ಓದು ಬಾರದಿದ್ದರೂ ಗುರುತು ಹತ್ತಿತು. "ಚೈನಿಗೆ ಸಿಕ್ಕಿ ತುದಿ ಹೋದ ಬೆರಳು. ನಾನು ಮದ್ದು ಕಟ್ಟಿದ ಬೆರಳು ನನಗೆ ಗೊತ್ತಾಗುದಿಲ್ವಾ?"

ಇಷ್ಟಕ್ಕೇ ಮುಗಿದಿದ್ದರೆ ಉಳ್ಳವರಿಗೊಂದು ನ್ಯಾಯ, ಇಲ್ಲದವರಿಗೊಂದು ನ್ಯಾಯ ಎಂದು ಸುಮ್ಮನಾಗಬಹುದಿತ್ತು. ತಮಗೆ ಗೆಲ್ಲು ಉಳಿಯದೆ ಪೋಕರ್ ಗೋಣಿ ಹೇರಿದ ಸೈಕಲನ್ನು ಹಿಂದಕ್ಕೆ ಜಗ್ಗಿ ಹಿಡಿದು ಮೆಲ್ಲನೆ ನಡೆದೇ ಬುಡಕ್ಕೆ ಬಂದಾಗ ಅತ್ತಿಮರದ ಕೆಳಗೆ ಗೆಲ್ಲುಗಳಿರಲಿಲ್ಲ. ಐದನ್ನೂ ಮುರಿದು ಒಟ್ಟಿ ಬೆಂಕಿ ಹಾಕಿ, ಯುವಕರು ಚಹಾಕ್ಕೆ ನೀರು ಕಾಯಿಸುತ್ತಿದ್ದರು. ಓವರ್ಸಿಯರ ಕೈಯಲ್ಲೂ ಒಂದು ಗ್ಲಾಸು.

"ಆ ಮಕ್ಕಳನ್ನು ದೂರುದಿಲ್ಲ. ಅವರಿಗೆ ಗೊತ್ತಿರಲಿಲ್ಲ" ಎನ್ನುವಾಗ ಪೋಕರ್ ಅವರ ದನಿ ಮೊದಲ ಸಲ ಗಟ್ಟಿಯಾಗುತ್ತದೆ. "ಓವರ್ಸಿಯರಿಗೆ ಗೊತ್ತಿತ್ತು. ಅದು ಯಾರ ಗೆಲ್ಲು ಅಂತ ಸಹ ಗೊತ್ತಿತ್ತು. ನನಗೂ ಚಹಾ ಕೊಟ್ಟರು. ಕುಡಿಲಿಕ್ಕೆ ಆಗಲಿಲ್ಲ."

ಕುಕ್ಕಪ್ಪ ಗೌಡರು ಫೆಬ್ರವರಿಯಲ್ಲಿ ಅರವತ್ತೆರಡು ಮಂದಿಯ ಸಹಿ, ಹೆಬ್ಬೆಟ್ಟು ಹಾಕಿಸಿ ಬೋರ್ಡು ತೆಗೆಯಬೇಕೆಂದು ಅರ್ಜಿ ಕೊಟ್ಟಿದ್ದಾರೆ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದಿದೆ. ಈಗ ಮೇ ತಿಂಗಳು. ಮಳೆಗೆ ಮೂರು ವಾರವೂ ಇಲ್ಲ. ಕೋಟೆ ಸೂರೆ ಹೋದ ಮೇಲಾದರೂ ಬಾಗಿಲು ಹಾಕುವವರುಂಟು. ನಮ್ಮ ಕಚೇರಿಗಳು ಅದನ್ನೂ ಪರಿಶೀಲಿಸುತ್ತವೆ.

ಇವತ್ತು ಮೇಸ್ತ್ರಿ ಬರಲಿಲ್ಲ. ಪೋಕರ್ ಅತ್ತಿಮರದ ಕೆಳಗೆ ಹಗ್ಗ ಬಿಚ್ಚಿ, ಗೆಲ್ಲನ್ನು ಗಾಡಿಗೆ ಸಿಗುವಂತೆ ರಸ್ತೆಯ ಅಂಚಿಗೆ ಇಡುತ್ತಾರೆ. ಆಮೇಲೆ ಎರಡನೆಯ ತಿರುವಿನವರೆಗೆ ಹಿಂದಕ್ಕೆ ನಡೆದು, ಗೆಲ್ಲು ಕೆರೆದ ಕಡೆಯೆಲ್ಲ ಜಲ್ಲಿಯನ್ನು ಕಾಲಿನಿಂದ ಸರಿಮಾಡುತ್ತಾರೆ. ಇಳಿದಾಗಲೆಲ್ಲ ಮಾಡುತ್ತಾರಂತೆ. ನಿಮಗೆ ಏನಾಗಬೇಕು ಎಂದು ಕೇಳಿದರೆ ಹುರಿಹಗ್ಗವನ್ನು ಸುತ್ತಿ ಗೋಣಿಯ ಸಂದಿಗೆ ಸಿಕ್ಕಿಸುತ್ತಾರೆ.

"ನನಗೆ ಎಂತದೂ ಬೇಡ. ನನಗೆ ಓದ್ಲಿಕ್ಕೆ ಬರುದಿಲ್ಲ, ಹಾಗೆ ಬದುಕಿದ್ದೇನೆ" ಎಂದು ಅವರು ಗುಡ್ಡದ ನೆತ್ತಿಯ ಕಡೆ ನೋಡುತ್ತಾರೆ. "ಓದ್ಲಿಕ್ಕೆ ಬರುವವರೂ ಬದುಕಬೇಕಲ್ಲ, ಮಾರಾಯ್ರೆ."