ಪ್ರಶಸ್ತಿ ಬಂದ ಕುಣಿತ

ಹಾಲಾಡಿಯ ವಿಶಾಲನಿಗೆ ಅತ್ಯುತ್ತಮ ನೃತ್ಯ ನಿರ್ದೇಶಕ ಪ್ರಶಸ್ತಿ ಬಂದ ಸುದ್ದಿ ವನಜಳ ಕಿವಿಗೆ ಬಿದ್ದದ್ದು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ. ಬಂಗುಡೆ ಆರಿಸುತ್ತ ನಿಂತಿದ್ದಳು. ಪಕ್ಕದವನ ಮೊಬೈಲಿನಲ್ಲಿ ಪ್ರಶಸ್ತಿ ತಂದ ಹಾಡು ಅರಚುತ್ತಿತ್ತು.

"ನಮ್ಮೂರಿನ್ ಗಂಡ್ ಕಾಣಿ! ಎಂಥಾ ತಲೆ ಅವಂದ್!" ಎಂದ ಅವನು.

ವನಜ ಬಂಗುಡೆಯ ಕಿವಿರು ಎತ್ತಿ ನೋಡಿದಳು. "ಹಾಳಾಯಿತ್, ಬ್ಯಾಡ" ಎಂದು ಕೆಳಗಿಟ್ಟು ನಡೆದಳು.

ವನಜ ಕೋಡಿಯ ಮೀನುಗಾರರ ಮನೆಯ ಹೆಣ್ಣು. ಚಿಕ್ಕವಳಿದ್ದಾಗಲೇ ಮಾವನ ಸಂಸಾರದ ಜೊತೆ ಮುಂಬಯಿಗೆ ಹೋಗಿ, ಸಿನೆಮಾ ಹಾಡುಗಳಲ್ಲಿ ನಾಯಕಿಯ ಹಿಂದೆ ಕುಣಿಯುವ ಸಾಲಿಗೆ ಸೇರಿದ್ದಳು. ಹಿಂದಿನ ಸಾಲಿನಿಂದ ಮುಂದಿನ ಸಾಲು, ಅಲ್ಲಿಂದ ಸಹಾಯಕಿ. ಅಷ್ಟಕ್ಕೇ ಅವಳ ಏಣಿ ಮುಗಿದಿತ್ತು. ವಿಶಾಲನಿಗೆ ಏಣಿಯೇ ಬೇಕಾಗಲಿಲ್ಲ. ಅವನ ಅಪ್ಪನ ಮುಂಬಯಿ ಹೋಟೆಲಿನಲ್ಲಿ ನಿರ್ಮಾಪಕರು ಉಣ್ಣುತ್ತಿದ್ದರು. ಅವರು ಕೈ ತೊಳೆದು ಏಳುವಷ್ಟರಲ್ಲಿ ಮಗ ಡಾನ್ಸ್ ಮಾಸ್ಟರ್ ಆಗಿದ್ದ.

ಪ್ರಶಸ್ತಿ ಬಂದ ಹಾಡಿನ ಶೂಟಿಂಗ್ ನಡೆದದ್ದು ಸಮುದ್ರದ ದಂಡೆಯಲ್ಲಿ. ದೋಣಿಗೆ ಕಾಯುವ ಹೆಂಗಸರ ನಡಿಗೆ, ಒದ್ದೆ ಮರಳಿನಲ್ಲಿ ಹೂತು ಏಳುವ ಹಿಮ್ಮಡಿ, ತಲೆಯ ಬುಟ್ಟಿ ಅಲುಗದಂತೆ ಸೊಂಟ ಮಾತ್ರ ತಿರುಗುವ ಬಗೆ, ಎಲ್ಲವನ್ನೂ ಕೂಡಿಸಿ ಕಲಿಸಿದವಳು ವನಜ. ವಿಶಾಲ ತಂಪು ಕ್ಯಾರವಾನಿನಲ್ಲಿ ಮಲಗಿ, ಎದ್ದು, ಕನ್ನಡಕ ಬದಲಿಸಿ ಬಂದು ಮಾನಿಟರಿನ ಮುಂದೆ ಕೂತು "ಸೂಪರ್" ಎಂದಿದ್ದ. ಅವನ ನೃತ್ಯ ಸಂಯೋಜನೆ ಎಂದರೆ ಅದೊಂದೇ ಶಬ್ದ. ಮುಂದೆ ವನಜಳ ಮಂಡಿ ಕೈಕೊಟ್ಟಾಗ, ರೆಸ್ಟ್ ಮಾಡಲಿ ಎಂದು ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದ. ಅವಳು ಊರಿಗೆ ಬಂದು ಅತ್ತಿಗೆ ಜಲಜಳ ಮನೆ ಸೇರಿದಳು.

ಸುದ್ದಿ ಬಂದ ಮರುವಾರ ಪದ್ದು ಮಾಸ್ಟ್ರು ಜಗಲಿ ಹತ್ತಿದರು. ನಿವೃತ್ತ ಮೇಷ್ಟ್ರು, ಊರಿನಲ್ಲಿ ಯಾರಿಗೆ ಶಾಲು ಹೊದಿಸುವುದಿದ್ದರೂ ಇವರೇ ಅಧ್ಯಕ್ಷರು. ಹಿಂದೊಮ್ಮೆ ವನಜ ರಜೆಯಲ್ಲಿ ಬಂದಾಗ, ಯುವಕ ಮಂಡಲದ ಕಾರ್ಯಕ್ರಮದಿಂದ ಅವಳ ಕುಣಿತವನ್ನು ತೆಗೆಸಿದವರೂ ಇವರೇ. ಸಿನೆಮಾದಲ್ಲಿ ಸೊಂಟ ತಿರುಗಿಸುವವಳನ್ನು ವೇದಿಕೆ ಹತ್ತಿಸಿದರೆ ಊರ ಹೆಣ್ಣುಮಕ್ಕಳು ಹಾಳಾಗುತ್ತಾರೆ ಎಂದಿದ್ದರು.

"ವನಜಾ, ವಿಶಾಲ್ ಮಾಸ್ಟರಿಗೆ ಸನ್ಮಾನ ಇಟ್ಕಂಡಿತ್. ಅವ್ರ್ ಹಾಡಿಗೆ ನಮ್ ಮಕ್ಳ್ ಕುಣಿಕ್. ನೀನ್ ಸ್ವಲ್ಪ ಹೇಳ್ಕೊಡ್ಲಕ್ಕಾ?"

"ಮಾಸ್ಟರೇ ಹೇಳ್ಕೊಡ್ಲಿ."

"ಅವ್ರಿಗೆ ಪುರ್ಸೊತ್ತ್ ಎಲ್ಲಿತ್ತ್ ಮಾರಾಯ್ತಿ! ನೀನ್ ಹ್ಯಾಂಗೂ ಮನೇಲೇ ಇದ್ಯಲ್ಲ. ಅವ್ರ್ ಮಾಡಿದ್ದನ್ನ ಕಂಡ್ಕಂಡ್ ಹಾಗೇ ಮಾಡ್ಸಿರ್ ಸಾಕ್."

ತಾನೇ ಹೆತ್ತ ಮಗುವನ್ನು ಎತ್ತಿ ಆಡಿಸಲು ಇನ್ನೊಬ್ಬರ ಅಪ್ಪಣೆ. ವನಜಳಿಗೆ ಸಿಟ್ಟೂ ಬರಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದಾಗ ಒಂದು ಯೋಚನೆ ಹೊಳೆದು, "ಆಯ್ತ್, ಮಾಡ್ಸ್ತೆ" ಎಂದಳು.

ಅಂಗಳಕ್ಕೆ ಹುಡುಗಿಯರು ಬಂದರು. ಹಾಡು ಅದೇ. ಆದರೆ ವನಜ ಸಿನೆಮಾದ ಒಂದು ಹೆಜ್ಜೆಯನ್ನೂ ಕಲಿಸಲಿಲ್ಲ. ಕಾಯುವ ಹೆಂಗಸರ ಬದಲು ಮೀನಿನ ಏಲಂನಲ್ಲಿ ಜಗಳವಾಡುವ ಹೆಂಗಸರು ಬಂದರು. ಸೆರಗು ಸಿಕ್ಕಿಸುವುದು, ಕೈ ಬೀಸಿ ಬೆಲೆ ಕೂಗುವುದು, ಬುಟ್ಟಿ ಎಳೆದಾಡುವುದು.

ಮೋಕ್ಷಿತಾ ಎಂಬ ಚುರುಕಿನ ಹುಡುಗಿ ತಡೆಯಲಾರದೆ ಕೇಳಿದಳು: "ಅಕ್ಕಾ, ಪಿಚ್ಚರಂಗೆ ಹೀಂಗಿಲ್ಲೆ ಅಲ್ದಾ?"

"ಇಲ್ಲೆ. ನಿಂಗೆ ಕಣ್ಣಿತ್ತ್, ಕಂಡೆ. ಯಾರ್ಯಾರಿಗೆ ಕಣ್ಣಿತ್ತ್ ಅಂದೇಳಿ ಕಾಂಬ. ನೀವ್ ಸುಮ್ನೆ ಕುಣೀನಿ."

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ವಿಶಾಲ ಒಳಗೂ ಕಪ್ಪು ಕನ್ನಡಕ ತೆಗೆಯದೆ ಮುಂದಿನ ಸೋಫಾದಲ್ಲಿ ಕೂತಿದ್ದ. ವನಜ ಕಂಬದ ಪಕ್ಕ ನಿಂತಿದ್ದಳು. ಹುಡುಗಿಯರು ಮೈಮರೆತು ಕುಣಿದರು. ಮೊದಲ ಸುತ್ತಿಗೇ ತನ್ನ ಉಪಾಯ ಬಯಲಾಗಬಹುದೆಂದು ಅವಳು ಕಾದಳು. ವಿಶಾಲ ತಲೆಯಾಡಿಸುತ್ತ ಕೂತಿದ್ದ. ಸಭೆ ಶಿಳ್ಳೆ ಹೊಡೆಯುತ್ತಿತ್ತು.

ಮೈಕು ಕೈಗೆ ಬಂದಾಗ ವಿಶಾಲ ಎದೆಯ ಮೇಲೆ ಕೈಯಿಟ್ಟುಕೊಂಡ. "ರಾತ್ರಿ ನಿದ್ದೆಗೆಟ್ಟು ಮಾಡಿದ ಸಂಯೋಜನೆ ಇದು. ಈ ಮಕ್ಕಳು ನನ್ನ ಒಂದೇ ಒಂದು ಹೆಜ್ಜೆಯನ್ನೂ ಬದಲಿಸದೆ ಮಾಡಿ ತೋರಿಸಿದ್ದಾರೆ."

ಪರದೆಯ ಹಿಂದಿನಿಂದ ಹುಡುಗಿಯರ ನಗು ಕೇಳಿಸಿತು. ಒಬ್ಬಳು ನಕ್ಕಳು, ಇನ್ನೊಬ್ಬಳು, ಆಮೇಲೆ ಎಲ್ಲರೂ. ಸಂತೋಷಕ್ಕೆ ನಗುತ್ತಿದ್ದಾರೆಂದು ಸಭೆ ಚಪ್ಪಾಳೆ ತಟ್ಟಿತು. ಪದ್ದು ಮಾಸ್ಟ್ರು ವನಜಳ ಹತ್ತಿರ ಬಂದು, "ಪಿಚ್ಚರ್ ಕಂಡಾಂಗೇ ಆಯ್ತ್!" ಎಂದರು.

ವಿಶಾಲ ಕಳ್ಳನೆಂದು ಅವಳಿಗೆ ಮೊದಲೇ ಗೊತ್ತಿತ್ತು. ಕದ್ದ ಮಾಲಿನ ಗುರುತೂ ಇಲ್ಲದ ಕಳ್ಳನೆಂದು ಈಗ ಗೊತ್ತಾಯಿತು. ಹಾಡನ್ನು ಮೊಬೈಲಿನಲ್ಲಿ ದಿನವೂ ನೋಡುವ ಈ ಜನ? ಇವರು ನೋಡುತ್ತಿದ್ದದ್ದು ವಿಶಾಲನ ಹೆಸರನ್ನು ಮಾತ್ರ. ಇಂಥವರ ಮೆಚ್ಚುಗೆ ಸಿಗಲಿಲ್ಲವೆಂದು ತಾನು ಒಂದು ಕಾಲಕ್ಕೆ ಅತ್ತದ್ದು ನೆನಪಾಗಿ, ಅವಳಿಗೆ ಆ ಅಳುವಿನ ಬಗ್ಗೆಯೇ ಹೇಸಿಗೆಯಾಯಿತು.

ಕೆಲವು ದಿನ ಕಳೆದು ವಿಶಾಲನ ಫೋನು ಬಂತು. ಸನ್ಮಾನದ ವಿಡಿಯೋ ನೋಡಿದ ಮುಂಬಯಿ ತಂಡದ ಹುಡುಗನೊಬ್ಬ ಅವನಿಗೆ ವಿಷಯ ತಿಳಿಸಿದ್ದ.

"ವನಜಕ್ಕಾ, ಮೊನ್ನೆ ಕುಣ್ಸಿದ್ದ್ ಬೇರೇನೇ ಅಂಬ್ರಲೆ?"

"ಹೌದಾ? ನೀವ್ ಮುಂದೇ ಕೂಕಂಡಿದ್ರಿ!"

ಆ ಕಡೆ ಸ್ವಲ್ಪ ಕೆಮ್ಮು. "ಅದ್ ಹೋಯ್ಲಿ. ಮುಂದಿನ್ ಪಿಚ್ಚರಿಗೆ ಅದನ್ನೇ ಹಾಕ್ವ. ನೀವ್ ಮುಂಬೈಗೆ ಬನ್ನಿ."

"ಹೆಸ್ರ್ ಯಾರದ್ದ್?"

"ಹೆಸ್ರಿನ್ ಸುದ್ದಿ ಮತ್ತ್ ಕಾಂಬ ಅಕ್ಕಾ."

"ಹಾಂಗಾರೆ ಕಾಣ್ತಾ ಇರಿ" ಎಂದು ವನಜ ಫೋನು ಇಟ್ಟಳು. ಜಲಜ ಒಳಗಿನಿಂದ ಯಾರದೆಂದು ಕೇಳಿದಳು. "ರಾಂಗ್ ನಂಬರ್" ಎಂದಳು.

ಸನ್ಮಾನ ಮುಗಿದರೂ ಹುಡುಗಿಯರು ಅಂಗಳಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಆ ಸಂಜೆ ವನಜ ಕುರ್ಚಿ ಎಳೆದು ಕೂತು, ನೋವಿನ ಕಾಲನ್ನು ಮುಂದೆ ಚಾಚಿ, ಹಾಡೇ ಇಲ್ಲದೆ ಬರೀ ಚಪ್ಪಾಳೆಗೆ ಅವರನ್ನು ಕುಣಿಸತೊಡಗಿದಳು.