ಒಂಟೆತ್ತಿನ ಯಂತ್ರಗಳು

ಮೊನ್ನೆ ಫೋನ್ ರಿಪೇರಿಗೆಂದು ನಾಂಪಲ್ಲಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಬೆಸುಗೆ ಹಾಕುತ್ತಿದ್ದ. ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ಸನತ್‌ನಗರದ ನಮ್ಮ ಓಣಿಯ ಕಾಕಾನ ಅಂಗಿಗೆ ಯಾವಾಗಲೂ ಇದೇ ವಾಸನೆ... ಇಷ್ಟು ವರ್ಷಗಳ ಮೇಲೂ ನನಗೆ ಬಂದದ್ದು ಅಳುವಲ್ಲ, ಸಿಟ್ಟು.

ಕಾಕಾ ಬಾಲಾನಗರದ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಓದಿದ್ದು ಏಳನೇ ಇಯತ್ತೆ. ಬಿಚ್ಚಿ ಬಿಚ್ಚಿಯೇ ಕಂಪ್ಯೂಟರ್ ಕಲಿತು, ಮೂರು ಕಂಪನಿಗಳಿಗೆ ಯಂತ್ರ ಜೋಡಿಸಿಕೊಟ್ಟು ಅವುಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಆ ಮೂರರಲ್ಲೊಂದು ಕಡೆ ನನಗೆ ನೌಕರಿ ಸಿಕ್ಕಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅಪ್ಪ ಲೇತ್ ಯಂತ್ರದ ಮುಂದೆ ನಿಂತು, ಅವ್ವ ಹಪ್ಪಳ ಲಟ್ಟಿಸಿ ಕೊಡಿಸಿದ ಡಿಗ್ರಿ. ಆ ಹೆಮ್ಮೆ ಈಗಲೂ ಇದೆ.

ಎಲ್ಲರಿಗೂ ಸಾಫ್ಟ್‌ವೇರ್ ಹುಚ್ಚು ಹಿಡಿದಿದ್ದ ಕಾಲ. ನಮ್ಮ ಮುಖ್ಯಸ್ಥ ಎರಡು ಪ್ರೊಸೆಸರಿನ ಹೊಸ ಸರ್ವರ್ ತರಿಸಿ ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ. ಅದರ ಜೀವಾಳವಾದ ಕರ್ನೆಲ್ ಎರಡು ಬಗೆಯದು ಬಂದಿತ್ತು: ಒಂದೇ ಪ್ರೊಸೆಸರ್ ಇದ್ದವಕ್ಕೆ ಒಂದು, ಹೆಚ್ಚು ಇದ್ದವಕ್ಕೆ ಇನ್ನೊಂದು. ಮೊದಲನೆಯದು ದಂಡವೆಂದು ಅಳಿಸಿಬಿಟ್ಟ. ಒಂದು ಡಿಸ್ಕ್ ಸಿದ್ಧಮಾಡಿ ಉಳಿದವಕ್ಕೆಲ್ಲ ನಕಲು ಹೊಡೆಯುವುದು ನಮ್ಮಲ್ಲಿನ ಪದ್ಧತಿ. ಹಾಗೆಯೇ ನಕಲು ಹೊಡೆದು ಕಾಕಾ ಜೋಡಿಸಿದ್ದ ಯಂತ್ರಗಳಿಗೆ ಹಾಕಿದೆವು. ಅವೆಲ್ಲ ಒಂದೇ ಪ್ರೊಸೆಸರಿನವು. ಬೆಳಿಗ್ಗೆ ಚಾಲೂ ಮಾಡಿದರೆ ಒಂದೂ ಏಳಲಿಲ್ಲ. ನಾಲ್ಕು ಸಾಲು ಮೂಡಿ ಪರದೆ ಕಲ್ಲಾಗುತ್ತಿತ್ತು.

“ಸಬ್ ಕಚರಾ ಬೋರ್ಡ್. ಬುಡ್ಡೇ ಕೋ ಬುಲಾವ್!” ಎಂದ ಮುಖ್ಯಸ್ಥ. ಆ ಮುದುಕ ಹಾಕಿದ ಬೋರ್ಡುಗಳೆಲ್ಲ ಕಸವೆಂದು, ಕಾಕಾ ಬರುವಷ್ಟರಲ್ಲಿ ಮಾಲೀಕರಿಗೂ ಫೋನ್ ಮಾಡಿ ಮುಗಿಸಿದ್ದ.

ಕಾಕಾ ಬಂದು ಆ ನಾಲ್ಕು ಸಾಲುಗಳನ್ನು ಬೆರಳಿಟ್ಟು ಓದಿದರು. ಜೇಬಿನಿಂದ ಫ್ಲಾಪಿ ತೆಗೆದು ತುರುಕಿದರು. ಅದರಲ್ಲಿದ್ದದ್ದು ಒಂದೇ ಪ್ರೊಸೆಸರಿನ ಕರ್ನೆಲ್. ಯಂತ್ರ ಎದ್ದು ಕೂತಿತು.

“ಯಂತ್ರ ಚಲೋ ಐತ್ರಿ ಸಾಹೇಬ್ರ. ಜೋಡೆತ್ತಿನ ನೊಗ ತಂದು ಒಂಟೆತ್ತಿನ ಹೆಗಲಿಗೆ ಇಟ್ಟೀರಿ. ಎತ್ತು ಏನ್ ಮಾಡೀತು? ನಿಂತೈತಿ!”

ಕನ್ನಡ ಬಲ್ಲವರೆಲ್ಲ ನಕ್ಕೆವು. ಬಾರದವರಿಗೂ ಪರದೆ ನೋಡಿ ತಿಳಿಯಿತು. ಆ ನಗುವೇ ಕಾಕಾಗೆ ಮುಳುವಾಯಿತು. ಮಧ್ಯಾಹ್ನ ಮುಖ್ಯಸ್ಥ ನನ್ನನ್ನು ಕರೆದು ಒಂದು ವರದಿ ಮುಂದಿಟ್ಟ: ಬೋರ್ಡುಗಳು ದೋಷಪೂರಿತ, ಜೋಡಣೆ ಕಳಪೆ. ಡಿಗ್ರಿ ಇದ್ದವರು ಸಹಿ ಹಾಕಿದರೆ ವಜನು ಇರುತ್ತದೆ ಎಂದ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಅದನ್ನೂ ನೆನಪಿಸಿದ. ಬರೆದಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಅದೇ ಫ್ಲಾಪಿಯಿಂದ ಇನ್ನೆರಡು ಯಂತ್ರಗಳನ್ನು ನಾನೇ ಎಬ್ಬಿಸಿ ನೋಡಿದ್ದೆ. ಆದರೂ ಸಹಿ ಹಾಕಿದೆ.

ಸಂಜೆ ಕಾಕಾ ಆ ವರದಿಯ ಪ್ರತಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅಲ್ಲಿಯವರೆಗೆ ನಾನು ಅವರಿಗೆ ‘ತಂಗಿ’.

“ಸಹಿ ಭಾಳ ದುಂಡಗ ಬಂದೈತ್ರಿ, ಇಂಜಿನಿಯರ್ ಬಾಯಾರ.”

“ಕಾಕಾ, ನನ್ನ ನೌಕರಿ...”

“ಗೊತ್ತೈತ್ರಿ. ನಂದೂ ನೌಕರೀನ ಆಗಿತ್ತು.”

ಅಷ್ಟೇ. ಒಳಗೆ ಬರಲಿಲ್ಲ. ಮುಖ್ಯಸ್ಥ ಕಳಿಸಿದ ಅದೇ ವರದಿ ನೋಡಿ ಉಳಿದೆರಡು ಕಂಪನಿಗಳೂ ತಿಂಗಳೊಳಗೆ ಅವರನ್ನು ಬಿಡಿಸಿದವು.

ಬೇರೆ ಕಡೆ ಕೆಲಸ ಸಿಕ್ಕ ಮೇಲೆ ನಾನು ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಆ ಎರಡೂ ಕಂಪನಿಗಳಿಗೆ ಹೋದೆ. ಒಂದರಲ್ಲಿ ಒಳಗೇ ಬಿಡಲಿಲ್ಲ. ಇನ್ನೊಂದರ ಸ್ಟೋರ್‌ಕೀಪರ್ ನಮ್ಮ ಕಡೆಯವರು. ಕಾಕಾನ ಹೆಸರು ಎತ್ತಿದ್ದೇ ತಡ, “ಆ ಮುದುಕನ ಬೋರ್ಡ್ ಬ್ಯಾಡವಾ. ಇಂಜಿನಿಯರಮ್ಮ ಒಬ್ಬಾಕಿ ಬರದುಕೊಟ್ಟಾಳ, ನೋಡಿಲ್ಲಿ” ಎಂದು ಫೈಲ್ ಬಿಚ್ಚಿದರು. ಅದರ ಪಕ್ಕದಲ್ಲಿ ನನ್ನ ಪತ್ರ ಇಟ್ಟೆ. ಎರಡೂ ಸಹಿಗಳನ್ನು ಹೋಲಿಸಿ ನೋಡಿದರು.

“ಎರಡೂ ನಿಮ್ಮವ ಅದಾವಲ್ರಿ! ಖರೇ ಯಾವುದು?”

“ಇವತ್ತಿಂದು.”

“ಹಂಗಾದ್ರ ಅವತ್ತು ಯಾಕ ಹಾಕಿದ್ರಿ?”

ಅವರು ನನ್ನ ಪತ್ರವನ್ನು ವರದಿಯ ಕೆಳಗೆ ಸೇರಿಸಿ ಫೈಲ್ ಕಟ್ಟಿದರು.

ಆ ಮುಖ್ಯಸ್ಥನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಆದರೆ ಸಹಿ ಅವನದಲ್ಲ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಕೊನೆಯವರೆಗೂ ಓಣಿಯಲ್ಲಿ ಎದುರಾದರೆ ‘ಆರಾಮ್ರೀ?’ ಎಂದಷ್ಟೇ ಕೇಳುತ್ತಿದ್ದರು. ನನ್ನನ್ನು ಬೈಯಬೇಕಾಗಿದ್ದ ಒಬ್ಬರು ಬೈಯದೆಯೇ ಹೋಗಿಬಿಟ್ಟರು.