ಕೆಂಪು ದೀಪದ ಮೇಲಿನ ಗಣಪತಿ

ಆ ಗಣಪತಿಯನ್ನು ನಾನು ಭಕ್ತಿಯಿಂದ ಅಂಟಿಸಿದ್ದಲ್ಲ, ಮುನಿರಾಜು. ಒಂದು ದೀಪವನ್ನು ಮುಚ್ಚುವುದಕ್ಕೆ ಅಂಟಿಸಿದೆ. ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾದಾಗ ಹೊತ್ತಿಕೊಳ್ಳುವ ಕೆಂಪು ದೀಪ ಅದು. ನಿನಗೆ ಕಾರು ಕೊಡುವ ಹೊತ್ತಿಗೆ ಅದು ಉರಿಯುತ್ತಿತ್ತು. ನಿನ್ನ ಕಣ್ಣಿಗೆ ಬೀಳಬಾರದು ಎಂದು ಅದರ ಮೇಲೆ ದೇವರನ್ನು ಕೂರಿಸಿದೆ. ಸರೋಜ ಹೋಗಿದ್ದು ಹಾವು ಕಚ್ಚಿ ಎಂದು ಊರು ಹೇಳುತ್ತದೆ. ಹೆಂಡತಿಯನ್ನು ಸಮಯಕ್ಕೆ ಆಸ್ಪತ್ರೆ ಮುಟ್ಟಿಸಲಾರದ ಕೈಲಾಗದವನು ನಾನು ಎಂದು ನೀನು ಹೇಳಿಕೊಳ್ಳುತ್ತೀಯ. ಅವಳ ಸಾವಿಗೆ ಕಾರಣ ನೀನಲ್ಲ, ನಾನು. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಅಣ್ಣ ಅನ್ನಿಸಿಕೊಂಡವನಿಗೆ.

ಆ ಬಿಳಿ ಕಾರು ನಿನಗೆ ನೆನಪಿದೆ. ಆದರೆ ನನ್ನ ಕೈಯಲ್ಲಿದ್ದಾಗ ಅದು ಏನಾಗಿತ್ತು ಎಂಬುದು ನಿನಗೆ ಗೊತ್ತಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದ ಹೊಸತರಲ್ಲಿ ನಾನು ಅದನ್ನು ಕೊಂಡಾಗಲೇ ಅದು ಬೇರೆಯವರ ಕೈಯಲ್ಲಿ ಸಾಕಷ್ಟು ಸವೆದಿತ್ತು. ಎಡಗಡೆಯ ಬಾಗಿಲು ಹೊರಗಿನಿಂದ ತೆರೆಯುತ್ತಿರಲಿಲ್ಲ. ಕಿಟಕಿಯ ಗಾಜು ಕೆಳಗೆ ಜಾರದಿರಲಿ ಎಂದು ರಟ್ಟು ಮಡಚಿ ಸಿಕ್ಕಿಸಿದ್ದೆ. ಬೆಳಿಗ್ಗೆ ಬ್ಯಾಟರಿ ಮುನಿಸಿಕೊಂಡರೆ ತಳ್ಳಲು ಸುಲಭವಾಗಲೆಂದು ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದೆ. ನೆಂಟರ ಮನೆಗೆ ಹೋದಾಗ ಅವರ ಬಾಗಿಲಲ್ಲಿ ನಿಲ್ಲಿಸದೆ ಬೀದಿಯ ತುದಿಯಲ್ಲಿ ನಿಲ್ಲಿಸುತ್ತಿದ್ದೆನಲ್ಲ, ಅದನ್ನು ನೀನು ನನ್ನ ವಿನಯ ಎಂದುಕೊಂಡಿದ್ದೆ.

ಹಳೇ ಗಾಡಿ ಇಟ್ಟುಕೊಂಡವರದೇ ಒಂದು ಜಾತಿ. ಭಾನುವಾರ ಬೆಳಿಗ್ಗೆ ನಾವೊಂದಷ್ಟು ಜನ ಮಾಲೂರಿನ ಒಂದು ಗ್ಯಾರೇಜಿನ ಮುಂದೆ ಟೀ ಕುಡಿಯುತ್ತಾ ನಿಲ್ಲುತ್ತಿದ್ದೆವು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಸಿನ ಪುಡಿ ಸುರಿ. ಪೆಟ್ರೋಲ್ ಟ್ಯಾಂಕು ಬಿರುಕು ಬಿಟ್ಟರೆ ಬಟ್ಟೆ ಸೋಪು ತಿಕ್ಕು. ಮಳೆಯಲ್ಲಿ ವೈಪರ್ ಆಡದಿದ್ದರೆ ಗಾಜಿಗೆ ಹೊಗೆಸೊಪ್ಪು ಉಜ್ಜು. ಇಂಥವೇ ನಮ್ಮ ಮಾತು. ರಿಪೇರಿ ಮಾಡಿಸಿದವನಿಗಿಂತ ರಿಪೇರಿ ತಪ್ಪಿಸಿಕೊಂಡವನಿಗೆ ಅಲ್ಲಿ ಮರ್ಯಾದೆ ಜಾಸ್ತಿ. ನಾನು ಆ ಗುಂಪಿನ ಪಂಡಿತ. ಊರಿಗೆ ಬಂದಾಗ ನಿನ್ನ ಮುಂದೆ ಆ ಜಾಣತನವನ್ನೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಸುಗಟೂರಿನ ತೋಟದ ಬದುವಿನ ಮೇಲೆ ಕೂತು, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಹಿಡಿದುಕೊಂಡೇ ನೀನು ಬಾಯಿ ತೆರೆದು ಕೇಳುತ್ತಿದ್ದೆ. "ನಮ್ಮಣ್ಣನ ಗಾಡಿ ಇವತ್ತಿನವರೆಗೂ ದಾರೀಲಿ ನಿಂತಿಲ್ಲ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಕೊನೆಕೊನೆಗೆ ಎಂಜಿನ್ ಎಣ್ಣೆ ಕುಡಿಯತೊಡಗಿತು. ಮೀಟರಿನ ಎಡ ಮೂಲೆಯಲ್ಲಿ ತೊಟ್ಟಿಕ್ಕುವ ಗಿಂಡಿಯಂಥ ಒಂದು ಸಣ್ಣ ಚಿತ್ರ, ಅದರ ಹಿಂದೆ ಕೆಂಪು ದೀಪ. ಮೊದಮೊದಲು ಮಿಣುಕುತ್ತಿದ್ದದ್ದು ಆಮೇಲೆ ಆರದೇ ಉರಿಯಲು ಶುರುವಾಯಿತು. ಗ್ಯಾರೇಜಿನ ಬಾಷಾ ಬಾನೆಟ್ ಎತ್ತಿ ನೋಡಿ, "ಏಮೀ ಕಾದು ಸಾರ್, ಏನೂ ಆಗಲ್ಲ. ವಾರಕ್ಕೊಂದ್ಸಲ ಆಯಿಲ್ ಹಾಕ್ತಾ ಇರಿ. ಮರೆತ್ರೆ ಮಾತ್ರ ಇಂಜಿನ್ ಹಿಡ್ಕೊಂಬಿಡ್ತದೆ, ಎಲ್ಲಿದ್ರೆ ಅಲ್ಲೇ" ಎಂದ. ನನಗೆ ಗೊತ್ತಿತ್ತು, ಮುನಿರಾಜು. ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ. ಡಿಕ್ಕಿಯಲ್ಲಿ ಎಣ್ಣೆಯ ಡಬ್ಬ ಇಟ್ಟುಕೊಂಡು ಪ್ರತಿ ಭಾನುವಾರ ಸುರಿಯುತ್ತಿದ್ದೆ. ದೀಪ ಆರುತ್ತಿತ್ತು, ವಾರ ಮುಗಿಯುವಷ್ಟರಲ್ಲಿ ಮತ್ತೆ ಹತ್ತುತ್ತಿತ್ತು. ನಮ್ಮ ಗುಂಪಿನಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯ ರೆಡ್ಡಿಯವರೊಬ್ಬರಿದ್ದರು. ನನ್ನ ಕಾರಿನೊಳಗೆ ಇಣುಕಿ, "ಲೈಟ್ ಉರಿದ್ರೆ ಏನ್ ಮಾಡ್ಬೇಕು? ಕಣ್ ಮುಚ್ಕೋಬೇಕು. ಆಗ್ಲಿಲ್ವಾ, ಲೈಟನ್ನೇ ಮುಚ್ಬೇಕು" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಗ ನಾನು ಹೊಸ ಕಾರಿಗೆ ಹೇಳಿಯಾಗಿತ್ತು. ಅಂಗಳದಲ್ಲಿ ಜಾಗ ಬೇಕಿತ್ತು. ನೀನು ಕೇಳಿದೆ — ಅಣ್ಣಾ, ಬೇರೆಯವರಿಗೆ ಯಾಕೆ, ನನಗೇ ಕೊಡು ಎಂದೆ. ಬತ್ತಿದ ಕೆರೆಯಂಗಳದಲ್ಲಿ ನಿನಗೆ ಡ್ರೈವಿಂಗ್ ಕಲಿಸಿದವನು ನಾನೇ. ಕ್ಲಚ್ಚು, ಗೇರು, ಬ್ರೇಕು ಎಲ್ಲ ಹೇಳಿಕೊಟ್ಟೆ. ಎಣ್ಣೆಯ ಮಾತು ಎತ್ತಲಿಲ್ಲ. ನೀನು ಯಂತ್ರವೆಂದರೆ ಹೆದರುವವನು. ಕೆಂಪು ದೀಪ ಕಂಡಿದ್ದರೆ ಬೇಡಣ್ಣ ಎನ್ನುತ್ತಿದ್ದೆ. ಬೇಡ ಎಂದಿದ್ದರೆ ನನಗೆ ನಷ್ಟವೇನೂ ಇರಲಿಲ್ಲ. ಆದರೆ ನನ್ನ ಗಾಡಿ, ದಾರಿಯಲ್ಲಿ ಎಂದೂ ನಿಲ್ಲದ ನನ್ನ ಗಾಡಿ, ನಿನ್ನ ಮುಂದೆ ಸಣ್ಣದಾಗಿಬಿಡುತ್ತಿತ್ತು. ನಾನೂ ಆಗುತ್ತಿದ್ದೆ. ಅಷ್ಟಕ್ಕೆ — ಅಷ್ಟಕ್ಕೇ.

ಕುರುಡುಮಲೆಗೆ ಹೋಗಿ ಪೂಜೆ ಮಾಡಿಸಿ ಕೊಡುತ್ತೇನೆ ಎಂದು ಒಬ್ಬನೇ ಹೋದೆ. ಗುಡಿಯ ಮುಂದಿನ ಅಂಗಡಿಯಲ್ಲಿ ಹೆಬ್ಬೆರಳಗಲದ ತಗಡಿನ ಗಣಪತಿ ಸಿಕ್ಕಿತು. ಬೆನ್ನಿಗೆ ಅಂಟು ಇತ್ತು. ಸರಿಯಾಗಿ ಆ ಗಿಂಡಿಯ ಮೇಲೆ ಒತ್ತಿದೆ. ಕೀಲಿ ತಿರುಗಿಸಿ ನೋಡಿದೆ. ಏನೂ ಕಾಣಲಿಲ್ಲ. ಡಿಕ್ಕಿಯಲ್ಲಿದ್ದ ಎಣ್ಣೆಯ ಡಬ್ಬವನ್ನೂ ತೆಗೆದು ಮನೆಯಲ್ಲಿಟ್ಟೆ. ಅದನ್ನು ನೋಡಿದರೆ ಇದು ಯಾಕೆ ಎಂದು ನೀನು ಕೇಳುತ್ತಿದ್ದೆ. ಮುಂದಿನ ವಾರ ಫೋನಿನಲ್ಲಿ ಹೇಳಿದರಾಯಿತು, ಎಣ್ಣೆ ನೋಡ್ತಾ ಇರು ಅಂತ ಮಾತಿನ ನಡುವೆ ಹೇಳಿದರಾಯಿತು ಎಂದುಕೊಂಡೆ. ಫೋನು ಮಾಡಿದಾಗೆಲ್ಲ ನೀನು ಕಾರನ್ನು ಹೊಗಳುತ್ತಿದ್ದೆ. ನಾನು ಹ್ಞೂಂ ಹ್ಞೂಂ ಎಂದು ಕೇಳಿ ಫೋನು ಇಡುತ್ತಿದ್ದೆ.

ನೀನು ಬೆಳಿಗ್ಗೆ ಸ್ನಾನ ಮಾಡಿ ಆ ಗಣಪತಿಗೆ ಗಂಧ ಇಟ್ಟು, ಮುಟ್ಟಿ ಕಣ್ಣಿಗೊತ್ತಿಕೊಂಡು ಕೀಲಿ ತಿರುಗಿಸುತ್ತಿದ್ದೆಯಂತೆ. ಸರೋಜಳೇ ನನಗೆ ಹೇಳಿ ನಕ್ಕಿದ್ದಳು. "ನನ್ಗಿಂತ ಆ ಗಾಡಿ ಮೇಲೇ ಪ್ರೀತಿ ಭಾವ ಇವ್ರಿಗೆ" ಎಂದಿದ್ದಳು. ನೀನು ಬೆರಳಿಟ್ಟ ಜಾಗದ ಹಿಂದೆಯೇ ಆ ದೀಪ ಉರಿಯುತ್ತಿತ್ತು.

ಅವಳಿಗೆ ಹಾವು ಕಚ್ಚಿದ್ದು ರೇಷ್ಮೆ ಹುಳುಗಳಿಗೆಂದು ಸೊಪ್ಪು ಕೊಯ್ಯುವಾಗ. ನೀನು ಒಂದು ಗಳಿಗೆಯೂ ತಡ ಮಾಡಲಿಲ್ಲ. ಇದನ್ನು ನಾನು ಎಲ್ಲರ ಮುಂದೆ ಹೇಳಬೇಕಿತ್ತು. ಎತ್ತಿಕೊಂಡು ಬಂದು ಕಾರಿನಲ್ಲಿ ಮಲಗಿಸಿ ಕೋಲಾರದ ಕಡೆ ಹೊರಟೆ. ಪುಟ್ಟ ಕಾವ್ಯ ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ಹಿಡಿದುಕೊಂಡು ಕೂತಿದ್ದಳು. ಅರ್ಧ ದಾರಿಯಲ್ಲಿ ಎಂಜಿನ್ ಒಳಗೆ ಏನೋ ಬಡಿದುಕೊಂಡ ಸದ್ದಾಗಿ ಕಾರು ನಿಂತಿತು. ಬಾಷಾ ಹೇಳಿದಂತೆಯೇ, ಎಲ್ಲಿದ್ದರೆ ಅಲ್ಲೇ. ನೀನು ಕೀಲಿ ತಿರುಗಿಸಿದೆ, ಗಣಪತಿಯನ್ನು ಮುಟ್ಟಿದೆ, ಮತ್ತೆ ತಿರುಗಿಸಿದೆ. ಕೊನೆಗೆ ರಸ್ತೆಗೆ ಅಡ್ಡ ನಿಂತು ಟೊಮ್ಯಾಟೊ ಟೆಂಪೋ ಒಂದನ್ನು ನಿಲ್ಲಿಸಿದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದರಂತೆ ಅಲ್ಲಿ.

ಹನ್ನೊಂದನೇ ದಿನದ ಕಾರ್ಯಕ್ಕೆ ಸರೋಜಳ ತಂದೆ ಅಂಗಳದಲ್ಲಿ ಕೂತು, ಗಾಡಿ ಹಂಗೆ ಯಾಕೆ ನಿಂತೋಯ್ತು ಎಂದು ಕೇಳಿದರು. ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಆದರೆ ಎಲ್ಲರೂ ನನ್ನ ಕಡೆ ನೋಡಿದರು. ಕಾರಿನ ವಿಷಯ ತಿಳಿದವನು ಆ ಮನೆಯಲ್ಲಿ ನಾನೊಬ್ಬನೇ. ಆಗ ಹೇಳಬಹುದಿತ್ತು. ಬಾಯಿ ತೆರೆದದ್ದೂ ಹೌದು. ಹೊರಗೆ ಬಂದ ಮಾತು ಬೇರೆ.

"ಆಯಿಲ್ ನೋಡ್ಕೋಬೇಕಾಗಿತ್ತು ಕಣೋ ಮುನಿರಾಜ."

ಸುಳ್ಳೂ ಅಲ್ಲ ನೋಡು. ಅದಕ್ಕೇ ಅಷ್ಟು ಸಲೀಸಾಗಿ ಬಂತು. ನೀನು ತಲೆ ಎತ್ತಿ ನನ್ನನ್ನೊಮ್ಮೆ ನೋಡಿದೆ. ಸಿಟ್ಟಿರಲಿಲ್ಲ. ಹೌದಣ್ಣ ಎಂದೆ. ಆ ಹೌದಣ್ಣ ಎಂಬ ಮಾತನ್ನು ನೀನು ಇವತ್ತಿನವರೆಗೂ ಹೊತ್ತುಕೊಂಡು ತಿರುಗುತ್ತಿದ್ದೀಯ. ಹಿಪ್ಪುನೇರಳೆ ಬುಡಸಮೇತ ಕಿತ್ತುಹಾಕಿದೆ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮಾವನ ಮನೆಯವರು ನಿನ್ನ ಜೊತೆ ಮಾತು ಬಿಟ್ಟರು. ನಾನು ಮಾತ್ರ ಹಬ್ಬಕ್ಕೆ ಬರುತ್ತಿದ್ದೆ, ಊಟ ಮಾಡುತ್ತಿದ್ದೆ, ನಿನಗೆ ಸಮಾಧಾನ ಹೇಳಿ ಹೋಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಗುಜರಿಯವನು ಕಾರನ್ನು ಒಯ್ಯಲು ಬರುವ ದಿನ ನಾನು ಅವನಿಗಿಂತ ಮುಂಚೆ ಬಂದೆ. ಸಹಾಯಕ್ಕೆ ಬಂದೆ ಎಂದುಕೊಂಡೆ ನೀನು. ನಾನು ಬಂದದ್ದು ಗಣಪತಿಯನ್ನು ಕೀಳುವುದಕ್ಕೆ. ಉಗುರು ಹಾಕಿ ಎಬ್ಬಿಸಿದೆ, ಅಂಟು ಗಾಜಿನ ಮೇಲೆ ದಪ್ಪಗೆ ಉಳಿದು ಗಿಂಡಿಯ ಚಿತ್ರ ಕಾಣಲಿಲ್ಲ, ಬದುಕಿದೆ ಎಂದುಕೊಂಡೆ. ಕೆರೆಗೋ ಬಾವಿಗೋ ಎಸೆಯೋಣ ಎಂದು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ನೀನು ಕೈ ಚಾಚಿದೆ. "ಕೊಡಣ್ಣ, ಮನೇಲಿಡ್ತೀನಿ. ನೀನು ಕೊಟ್ಟಿದ್ದು." ಅಂದಿನಿಂದ ಮೊನ್ನೆಯವರೆಗೂ ಅದು ಸರೋಜಳ ಫೋಟೋದ ಕೆಳಗಿತ್ತು. ನಿಮ್ಮ ಮನೆಗೆ ಬಂದಾಗೆಲ್ಲ ನೀನು ನನಗೂ ಅಲ್ಲಿಂದ ಕುಂಕುಮ ತಂದು ಕೊಡುತ್ತಿದ್ದೆ. ನಾನು ಹಚ್ಚಿಕೊಳ್ಳುತ್ತಿದ್ದೆ.

ಇದೆಲ್ಲ ಹೀಗೆಯೇ ನನ್ನ ಜೊತೆ ಸುಟ್ಟುಹೋಗುತ್ತಿತ್ತೇನೋ. ಆದರೆ ಮೊನ್ನೆ ಕಾವ್ಯ ಕಾರು ತಂದಳು. ನರಸಾಪುರದ ಕಂಪನಿಯ ಬಸ್ಸು ಬಿಟ್ಟು ಇನ್ನು ತನ್ನ ಗಾಡಿಯಲ್ಲೇ ಶಿಫ್ಟಿಗೆ ಹೋಗುತ್ತಾಳಂತೆ. ಹಳೆಯದೇ, ಸೆಕೆಂಡ್ ಹ್ಯಾಂಡ್. ಕುರುಡುಮಲೆಯಲ್ಲಿ ಪೂಜೆ, ದೊಡ್ಡಪ್ಪ ಬರಲೇಬೇಕು ಎಂದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ಆರತಿ ಆಯಿತು. ಆಗ ನೀನು ಅಂಗಿಯ ಜೇಬಿನಿಂದ ಆ ತಗಡಿನ ಗಣಪತಿಯನ್ನು ತೆಗೆದೆ. ಬೆನ್ನಿಗೆ ಹೊಸ ಅಂಟು ಹಚ್ಚಿಸಿಕೊಂಡು ತಂದಿದ್ದೆ.

"ಅಣ್ಣಾ, ನಿನ್ ಕೈಯಲ್ಲೇ ಅಂಟ್ಸು. ಆವಾಗಿದ್ದ ಜಾಗದಲ್ಲೇ."

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ವಯಸ್ಸಾಯ್ತು ಎಂದು ನೀನು ನಕ್ಕೆ. ಅಷ್ಟರಲ್ಲಿ ಕಾವ್ಯ ಕಿಟಕಿಯಿಂದ ಬಗ್ಗಿ, "ಅಲ್ಲಿ ಬೇಡ ದೊಡ್ಡಪ್ಪ, ಆಯಿಲ್ ಲೈಟ್ ಮುಚ್ಚೋಗತ್ತೆ. ಈ ಕಡೆ ಅಂಟ್ಸಿ" ಎಂದಳು.

"ಆಯಿಲ್‌ಗೂ ಲೈಟ್ ಇರ್ತದಾ?" ಎಂದೆ ನೀನು.

"ಇರತ್ತಪ್ಪ. ಕಮ್ಮಿ ಆದ್ರೆ ಕೆಂಪಗೆ ಉರಿಯತ್ತೆ."

ನೀನು ಬಗ್ಗಿ ಮೀಟರನ್ನು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದೆ. "ನಮ್ ಗಾಡೀಲಿ ಇರ್ಲಿಲ್ಲ, ಅಲ್ವಾಣ್ಣ?"

ನಿನ್ನ ದನಿಯಲ್ಲಿ ಅನುಮಾನವಿದ್ದಿದ್ದರೆ ನಾನು ಅಲ್ಲೇ ಒಪ್ಪಿಕೊಂಡು ಬಚಾವಾಗುತ್ತಿದ್ದೆ. ಅನುಮಾನ ಇರಲಿಲ್ಲ. ಇದ್ದದ್ದು ಒಂದು ಆಸೆ. ದೀಪವೇ ಇಲ್ಲದ ಗಾಡಿಯಾಗಿದ್ದರೆ ನಿನ್ನ ತಪ್ಪು ಒಂದು ಚೂರಾದರೂ ಕಡಿಮೆಯಾದೀತು ಎಂಬ ಆಸೆ. ನಾನು ಆ ಕ್ಷಣದಲ್ಲೂ ನನ್ನನ್ನೇ ಉಳಿಸಿಕೊಂಡೆ.

"ಹಳೇ ಗಾಡಿ ಕಣೋ. ಇರ್ಲಿಲ್ಲ."

ಗಣಪತಿಯನ್ನು ಬಲಗಡೆ, ಯಾವ ದೀಪವೂ ಇಲ್ಲದ ಕಡೆ ಅಂಟಿಸಿದೆ. ಎಲ್ಲರೂ ಕೈ ಮುಗಿದರು.

ಈಗ ಕಾವ್ಯ ಫೋನಿನಲ್ಲಿ ಹೇಳುತ್ತಾಳೆ — ಅಪ್ಪ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಬಾನೆಟ್ ತೆಗೀತಾರೆ ದೊಡ್ಡಪ್ಪ, ಆಯಿಲ್ ಕಡ್ಡಿ ಎಳೆದು ಪಂಚೆಗೆ ಒರೆಸ್ಕೊಂಡು ನೋಡ್ತಾರೆ, ಮತ್ತೆ ಅದ್ದಿ ನೋಡ್ತಾರೆ, ಸಾಕು ಬಿಡಪ್ಪ ಅಂದ್ರೂ ಕೇಳಲ್ಲ, ಪಂಚೆಯೆಲ್ಲ ಕಲೆ. ಅವಳು ನಗುತ್ತಾ ಹೇಳುತ್ತಾಳೆ. ಆ ಅಂಗಳದಲ್ಲಿ ಹನ್ನೊಂದನೇ ದಿನ ನಾನು ಆಡಿದ ಮಾತನ್ನು ನೀನು ಇನ್ನೂ ಪಾಲಿಸುತ್ತಿದ್ದೀಯ.

ಹೇಳಿದರೆ ನಿನಗೆ ಸಿಗುವುದೇನು ಎಂದು ಯೋಚಿಸಿದ್ದೇನೆ. ಸರೋಜ ಬರುವುದಿಲ್ಲ. ಅವಳಪ್ಪ ಈಗಿಲ್ಲ, ನಿನ್ನ ಮೇಲಿನ ಸಿಟ್ಟನ್ನು ಹೊತ್ತುಕೊಂಡೇ ಹೋದರು. ಸಿಗುವುದಿರಲಿ, ನೀನು ಇನ್ನೊಂದನ್ನು ಕಳೆದುಕೊಳ್ಳುತ್ತೀಯ. ಕಷ್ಟಕ್ಕೆ ಆದ ಅಣ್ಣ ಒಬ್ಬನಿದ್ದ ಎಂದು ನಂಬಿದ್ದೀಯಲ್ಲ, ಆ ಅಣ್ಣನೂ ಹೋಗುತ್ತಾನೆ. ಕಾವ್ಯ ನನ್ನನ್ನು ದೊಡ್ಡಪ್ಪ ಎಂದು ಇನ್ನು ಕರೆಯಲಿಕ್ಕಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಆದರೂ ಬರುತ್ತೇನೆ. ಬೆಳಿಗ್ಗೆ ಮೊದಲನೇ ಬಸ್ಸಿಗೇ ಬರುತ್ತೇನೆ, ನೀನು ಬಾನೆಟ್ ಮುಚ್ಚುವ ಮುಂಚೆ. ಆ ಕಡ್ಡಿಯನ್ನು ನಿನ್ನ ಕೈಯಿಂದ ತೆಗೆದುಕೊಂಡು, ಕುರುಡುಮಲೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಇತ್ತು, ಮುನಿರಾಜ. ನಮ್ಮ ಗಾಡಿಯಲ್ಲೂ ದೀಪ ಇತ್ತು.